ಕ್ರೂ ಅವರ ಹುಬ್ಬು

ಐವತ್ಮೂರನೆಯ ವಯಸ್ಸಿನಲ್ಲಿ ನನಗೆ ಹುಬ್ಬು ಹಾರಿಸುವುದನ್ನು ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. "ಹೀಗೆ ಶುರು ಮಾಡ್ಬೇಡಿ, ಓದಿದೋರು ಏನಂದ್ಕೋತಾರೆ" ಅಂತ ನನ್ನ ಹೆಂಡತಿ ಎಚ್ಚರಿಸಿದ್ದಾಳೆ. ಆದರೆ ನಡೆದದ್ದೇ ಹಾಗೆ, ನಾನೇನು ಮಾಡಲಿ?

ಅವರು ನನ್ನ ಥಾಯ್ ಭಾಷೆಯ ಟೀಚರು. ಹೋದ ತಿಂಗಳು ತೀರಿಕೊಂಡರು. ಥಾಯ್‌ನಲ್ಲಿ ಟೀಚರಿಗೆ 'ಕ್ರೂ' ಅನ್ನುತ್ತಾರೆ. ನಮ್ಮ 'ಗುರು' ಅನ್ನೋ ಪದವೇ ಸಮುದ್ರ ದಾಟಿ ಹೋಗಿ ಹಾಗಾಗಿರುವುದು. ನಾನು ಅವರನ್ನು ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದದ್ದು 'ಮಿಸ್ಟರ್ ಇಂಜಿನಿಯರ್' ಅಂತ. ಅದರಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಅಂತ ಕೊನೆಯವರೆಗೂ ನನಗೆ ಗೊತ್ತಾಗಲಿಲ್ಲ.

ಥಾಯ್ ಕಲಿಯುವ ದರ್ದು ನನಗೆ ಯಾಕೆ ಬಂತು ಅಂದರೆ, ನನ್ನ ಮಗಳು ಒಬ್ಬ ಥಾಯ್ ಹುಡುಗನನ್ನು ಮದುವೆಯಾಗುವುದು ಅಂತ ತೀರ್ಮಾನವಾಗಿತ್ತು. ಹುಡುಗನ ಅಪ್ಪ-ಅಮ್ಮ ಬ್ಯಾಂಕಾಕಿನಲ್ಲಿ. ಅವನ ದೊಡ್ಡಮ್ಮ ಮಾತ್ರ ಇಲ್ಲೇ ಸಿಯಾಟಲ್ ಕಡೆ ಇರುವವರು. ಅವರು ಹುಡುಗನ ಜೊತೆ ಮೊದಲ ಸಲ ಟೋಟೆಮ್ ಲೇಕಿನ ನಮ್ಮ ಅಪಾರ್ಟ್‌ಮೆಂಟಿಗೆ ಟೀಗೆ ಬಂದರು. "ನಗ್ತಾ ಕೈ ಮುಗಿದ್ರೆ ಸಾಕು ಕಣ್ರೀ" ಅಂತ ಹೆಂಡತಿ ಹೇಳಿದ್ದಳು. ನನಗೆ ಸಾಕಾಗಲಿಲ್ಲ. ನನಗೆ ಐದು ಭಾಷೆ ಬರುತ್ತೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದವನು. (ಅದರಲ್ಲಿ ತೆಲುಗು ಅಂದರೆ "ಎಲಾ ಉನ್ನಾರು" ಮತ್ತು "ಭೋಜನಂ ಅಯಿಂದಾ", ಅಷ್ಟೇ.) ಎರಡು ದಿನ ಫೋನಿನಲ್ಲಿ ನೋಡಿ ಒಂದು ವಾಕ್ಯ ತಯಾರು ಮಾಡಿಕೊಂಡಿದ್ದೆ. 'ಪಾ' ಅಂದರೆ ದೊಡ್ಡಮ್ಮ. 'ಮಾ' ಅಂದರೆ ಬರುವುದು. ಬಾಗಿಲು ತೆಗೆದು, ದೊಡ್ಡಮ್ಮ ಬಂದ್ರಾ ಅನ್ನುವ ನಮ್ಮ ಮೈಸೂರಿನ ಅಕ್ಕರೆಯನ್ನೆಲ್ಲ ಸೇರಿಸಿ, ಕೊನೆಯಲ್ಲಿ ದನಿ ಏರಿಸಿ ಕೇಳಿದೆ. "ಪಾ, ಮಾ?"

ಆ ಹೆಂಗಸು ತಿರುಗಿ ಹಿಂದೆ ನೋಡಿದರು. ಹುಡುಗ ಶೂ ಬಿಚ್ಚುತ್ತಿದ್ದವನು ಗೋಡೆಗೆ ಒರಗಿಕೊಂಡು ಕೆಮ್ಮತೊಡಗಿದ. ಅವರ ಭಾಷೆಯಲ್ಲಿ 'ಮಾ' ಅನ್ನುವುದನ್ನು ಸಪಾಟಾಗಿ ಹೇಳಿದರೆ ಬರುವುದು. ನಾನು ಹೇಳಿದ ಹಾಗೆ ದನಿ ಏರಿಸಿ ಹೇಳಿದರೆ ನಾಯಿ. ಭಾವೀ ಬೀಗರ ಕಡೆಯ ಹಿರಿಯರನ್ನು ನಾನು ಹೊಸ್ತಿಲಲ್ಲೇ "ದೊಡ್ಡಮ್ಮ, ನಾಯಿ" ಅಂತ ಬರಮಾಡಿಕೊಂಡಿದ್ದೆ.

ಪುಣ್ಯಕ್ಕೆ ಆಕೆ ದೊಡ್ಡ ಮನಸ್ಸಿನವರು. ಕೋಡುಬಳೆ ತಿಂದು, ನಕ್ಕು, ಹೋಗುವಾಗ ಒಂದು ಚೀಟಿಯಲ್ಲಿ ತಮ್ಮ ಗೆಳತಿಯ ಫೋನ್ ನಂಬರು ಬರೆದುಕೊಟ್ಟರು. ಆ ಗೆಳತಿಯೇ ಕ್ರೂ.

ಶೋರ್‌ಲೈನಿನಲ್ಲಿ ಅವರದೊಂದು ಸಣ್ಣ ಮನೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಊಟದ ಮೇಜಿನ ಮೇಲೆ ಪಾಠ. ಹೋದ ಮೊದಲ ದಿನ ನಾನು ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು ತೆಗೆದಿಟ್ಟೆ. ಅವರು ಅವನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟು, ನನ್ನ ಮುಂದೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿನ ಒಂದು ಕನ್ನಡಿ ನಿಲ್ಲಿಸಿದರು. ನಾನು ಸೋಲಲಿಲ್ಲ. ಆಹಾರಕ್ಕೆ ನೀವು 'ಆಹಾನ್' ಅಂತೀರಿ, ವೇಳೆಗೆ 'ವೇಲಾ' ಅಂತೀರಿ, ಭಾಷೆಗೆ 'ಪಾಸಾ' ಅಂತೀರಿ, ಇವೆಲ್ಲ ನಮ್ಮ ಪದಗಳೇ, ನನಗೆ ಅರ್ಧ ಥಾಯ್ ಬಂದ ಹಾಗೇ ಅಂತ ಇಂಗ್ಲಿಷಿನಲ್ಲಿ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಅಂದರು. "ಪದ ನಿಮ್ಮದೇ ಇರಬಹುದು. ಈಗ ಮುಖ ತೋರಿಸಿ."

ಥಾಯ್‌ನಲ್ಲಿ ಸ್ವರ ಐದು. ಒಂದೇ ಅಕ್ಷರವನ್ನು ಸಪಾಟಾಗಿ, ತಗ್ಗಿಸಿ, ಬೀಳಿಸಿ, ಎತ್ತಿ, ಏರಿಸಿ ಹೇಳಿದರೆ ಐದು ಬೇರೆ ಬೇರೆ ಮಾತು. ಗಂಟಲಿನ ಕೆಲಸ ಇದು ಅಂತ ಪುಸ್ತಕಗಳು ಹೇಳುತ್ತವೆ. ಕ್ರೂ ಅದನ್ನು ಇಡೀ ಮುಖದಿಂದ ಮಾಡುತ್ತಿದ್ದರು. ಸಪಾಟು ಸ್ವರಕ್ಕೆ ಮುಖ ಕೆರೆಯ ನೀರಿನ ಹಾಗೆ ನಿಶ್ಚಲ. ತಗ್ಗಿನದಕ್ಕೆ ಗದ್ದ ಕತ್ತಿನೊಳಗೆ ಇಳಿಯುತ್ತಿತ್ತು. ಬೀಳುವ ಸ್ವರಕ್ಕೆ ಹುಬ್ಬು ಒಮ್ಮೆ ಮೇಲೆ ಹೋಗಿ, ತಲೆ ದಬಕ್ಕನೆ ಬಗ್ಗುತ್ತಿತ್ತು. ಎತ್ತರದ್ದಕ್ಕೆ ಹುಬ್ಬು ಕೂದಲಿನ ಅಂಚಿಗೆ ಹೋಗಿ ಅಲ್ಲೇ ಕೂತುಬಿಡುತ್ತಿತ್ತು. ಏರುವ ಸ್ವರಕ್ಕೆ ಗದ್ದ ಸ್ವಲ್ಪ ತಗ್ಗಿ, ಆಮೇಲೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಮೇಲಕ್ಕೆ. ಕನ್ನಡಿಯಲ್ಲಿ ಅವರ ಪಕ್ಕ ಕಾಣುತ್ತಿದ್ದ ನನ್ನ ಮುಖ ಮಾತ್ರ ಐದಕ್ಕೂ ರೇಷನ್ ಕಾರ್ಡಿನ ಫೋಟೊ.

ಅದು ನನ್ನ ತಪ್ಪಲ್ಲ. ನಮ್ಮ ಮನೆಯಲ್ಲಿ ಹುಬ್ಬು ಹಾರಿಸುವುದು ಪೋಲಿ ಹುಡುಗರ ಲಕ್ಷಣವಾಗಿತ್ತು. ಎದುರಿಗೆ ದೊಡ್ಡವರಿದ್ದಾಗ ಮುಖ ನೆಟ್ಟಗೆ ಇಟ್ಟುಕೊಂಡು ಮಾತಾಡು ಅಂತ ಬೆಳೆಸಿದರು. ಬೆಳೆಸಿದ್ದು ಎಷ್ಟು ಚೆನ್ನಾಗಿ ಅಂದರೆ, ಫ್ಯಾಕ್ಟೋರಿಯಾದ ನಮ್ಮ ಆಫೀಸಿನಲ್ಲಿ ವಿಡಿಯೊ ಮೀಟಿಂಗ್ ನಡೆಯುವಾಗ ನನ್ನ ಮುಖ ನೋಡಿ ನೆಟ್‌ವರ್ಕ್ ಹೋಗಿದೆ ಅಂತ ಎರಡು ಸಲ ಕಾಲ್ ಕಟ್ ಮಾಡಿದವರಿದ್ದಾರೆ. ಫೋನ್ ನೆಟ್‌ವರ್ಕ್ ಸಿಗ್ನಲ್ ಅಳೆಯುವುದೇ ನನ್ನ ಕೆಲಸ, ಆದ್ದರಿಂದ ಅವಮಾನ ಇನ್ನೂ ಸ್ವಲ್ಪ ಜಾಸ್ತಿ.

"ನಿಮ್ಮ ಮುಖ ನಿದ್ದೆ ಮಾಡ್ತಿದೆ, ಮಿಸ್ಟರ್ ಇಂಜಿನಿಯರ್" ಅನ್ನುತ್ತಿದ್ದರು. ಪಾಠ ಮುಗಿದ ಮೇಲೆ ಉಪ್ಪುಖಾರ ಹಾಕಿದ ಸೀಬೆಕಾಯಿ ಹೋಳು ಕೊಡುತ್ತಿದ್ದರು. ಆ ಖಾರಕ್ಕೆ ನನ್ನ ಹುಬ್ಬು ತಾನಾಗಿ ಏರಿದರೆ, "ನೋಡಿ, ಆಗುತ್ತೆ, ಆಗುತ್ತೆ" ಅಂತ ಮೇಜು ತಟ್ಟುತ್ತಿದ್ದರು.

ಇಷ್ಟೊಂದು ಮುಖ ಕುಣಿಸುವುದು ಯಾಕೆ ಅಂತ ಒಂದು ದಿನ ಕೇಳಿಯೇಬಿಟ್ಟೆ. "ಇಪ್ಪತ್ತು ವರ್ಷ ಟೈಲರ್ ಅಂಗಡಿಯಲ್ಲಿ ಬಟ್ಟೆ ಆಲ್ಟರ್ ಮಾಡುವ ಕೆಲಸ ಮಾಡಿದೆ, ಬಾಯಿತುಂಬ ಗುಂಡುಪಿನ್ನು, ಮಾತು ಹುಬ್ಬಿನಲ್ಲೇ ಆಡಬೇಕಿತ್ತು" ಅಂದರು. ಇನ್ನೊಂದು ದಿನ ಅದೇ ಪ್ರಶ್ನೆಗೆ, ನಮ್ಮಮ್ಮನೂ ಹೀಗೇ ಅಂದರು. ಮೂರನೆಯ ಸಲ ಕೇಳಿದಾಗ ನನ್ನ ಪ್ಯಾಂಟಿನ ಅಂಚು ನೋಡಿ, "ಇದನ್ನ ಯಾರು ಹೊಲಿದದ್ದು? ಬಿಚ್ಚಿಕೊಡಿ" ಅಂದುಬಿಟ್ಟರು. ಅರ್ಧ ಗಂಟೆ ನಾನು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಕೂತು ಸ್ವರಾಭ್ಯಾಸ ಮಾಡಿದೆ.

ಪಾಠದ ಹೊತ್ತಿಗೆ ಅವರ ಗಂಡ ಮೇಜಿನ ಆ ತುದಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಿದ್ದರು. ಮೂವತ್ತು ವರ್ಷ ವಿಮಾನದ ಬಿಡಿಭಾಗ ಮಾಡುವ ಕಡೆ ತಗಡಿಗೆ ರಿವೆಟ್ ಮೊಳೆ ಹೊಡೆದವರು. ಸಣ್ಣಗೆ, ಗಟ್ಟಿಯಾಗಿ, ಒಣಗಿದ ಶುಂಠಿಯ ಹಾಗಿದ್ದರು. ನಾನು ಶೂ ಬಿಚ್ಚುತ್ತ ಗುಡ್ ಮಾರ್ನಿಂಗ್ ಹೇಳಿದರೆ ಉತ್ತರವಿಲ್ಲ. ಕಣ್ಣು ಮಾತ್ರ ಹೆಂಡತಿಯ ಮುಖದ ಮೇಲೆ, ಅಲ್ಲಿಂದ ಕದಲುತ್ತಿರಲಿಲ್ಲ. "ಆ ಮನುಷ್ಯನಿಗೆ ನನ್ನ ಕಂಡ್ರೆ ಅನುಮಾನ ಇರ್ಬೇಕು ಕಣೆ" ಅಂತ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಖಂಡಿತ ಇರಲ್ಲ ಬಿಡಿ" ಅಂದಳು.

ಹೀಗೆ ಆರು ತಿಂಗಳಾಯಿತು. ಯುಗಾದಿ ಬಂತು. ನಮ್ಮ ಕನ್ನಡದವರ ಹಬ್ಬದ ಕಾರ್ಯಕ್ರಮದಲ್ಲಿ ಐದು ನಿಮಿಷ ಏನಾದರೂ ಮಾಡಿ ಅಂದರು. ಹಾಡು ಬರುವುದಿಲ್ಲ, ಕುಣಿತ ಬರುವುದಿಲ್ಲ. ನಾನು ಹೆಂಡತಿಯ ಸ್ಕಾರ್ಫು ಸುತ್ತಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕ್ರೂ ಆಗಿ ಸ್ಟೇಜು ಹತ್ತಿದೆ. ಅವರು ಪ್ರತಿ ವಾರ ಹೇಳಿಸುತ್ತಿದ್ದ ಒಂದು ವಾಕ್ಯವಿತ್ತು. ಹೊಸ ಮರ ಸುಡಲ್ವಾ ಅನ್ನುವ ಅರ್ಥ. ನಮ್ಮ ಕಿವಿಗೆ ಅದು "ಮೈ ಮೈ ಮೈ ಮೈ ಮೈ" ಅಷ್ಟೇ, ಐದು ಮೈ. ಒಂದೊಂದು ಮೈಗೂ ಹುಬ್ಬು, ಗದ್ದ, ಕತ್ತು ಕುಣಿಸಿದೆ. ಮುಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡರು. ಹುಬ್ಬಳ್ಳಿಯ ಒಬ್ಬರು, "ಏ ಇನ್ನೊಮ್ಮೆ ಮಾಡ್ರೀ ಮಾರಾಯ್ರ!" ಅಂತ ಕೂಗಿದರು. ಮಾಡಿದೆ. ಜೀವನದಲ್ಲಿ ನನಗೆ ಸಿಕ್ಕ ಮೊದಲ ಒನ್ಸ್‌ಮೋರ್ ಅದು.

ಸೋಮವಾರದ ಹೊತ್ತಿಗೆ ವಿಡಿಯೊ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತ್ತು. ಮಗಳು ಫೋನ್ ಮಾಡಿದಳು. ಹೊಗಳುತ್ತಾಳೆ ಅಂತ ಸ್ಪೀಕರ್ ಹಾಕಿದೆ.

"ಅಪ್ಪಾ, ಶೀ ಈಸ್ ಅ ರಿಯಲ್ ಪರ್ಸನ್. ಡಿಡ್ ಯು ಆಸ್ಕ್ ಹರ್?"

ನಾನು, ತಮಾಷೆಗೆ ಕಣಮ್ಮಾ, ಪ್ರೀತಿಯಿಂದ ಮಾಡಿದ್ದು ಅಂದೆ.

"ದೊಡ್ಡಮ್ಮ ಸಾ ಇಟ್. ಶೀ ಸೆಂಟ್ ಇಟ್ ಟು ಹರ್." ಅವಳು ಅಷ್ಟು ಹೇಳಿ ಇಟ್ಟುಬಿಟ್ಟಳು. ಹೆಂಡತಿ ಆ ಸ್ಕಾರ್ಫನ್ನು ಒಗೆಯುವ ಬುಟ್ಟಿಗೆ ಹಾಕಿದಳು.

ಮುಂದಿನ ಶನಿವಾರದವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ. ಆರು ತಿಂಗಳಿಂದ ನನಗೆ ತಾಳ್ಮೆಯಿಂದ ಕಲಿಸಿ, ಹಣ್ಣು ಕೊಟ್ಟು, ಪ್ಯಾಂಟು ಹೊಲಿದುಕೊಟ್ಟ ಮುದುಕಿಯನ್ನು ನಾನೂರು ಜನರ ಮುಂದೆ ಕೋತಿ ಮಾಡಿದ್ದೆ. ಕಾರಿನಲ್ಲಿ ದಾರಿಯುದ್ದಕ್ಕೂ ಕ್ಷಮಾಪಣೆಯನ್ನು ಇಂಗ್ಲಿಷಿನಲ್ಲಿ, ಮೂರು ಥರ ಅಭ್ಯಾಸ ಮಾಡಿಕೊಂಡು ಹೋದೆ. ಬಾಗಿಲು ತೆಗೆದ ಕ್ರೂ ಮುಖ ಸಪಾಟಾಗಿತ್ತು. ಮೇಜಿನ ಮೇಲೆ ಕನ್ನಡಿ ಇರಲಿಲ್ಲ. ಅದರ ಜಾಗದಲ್ಲಿ ಟ್ಯಾಬ್ಲೆಟ್ಟು, ಅದರಲ್ಲಿ ಸ್ಕಾರ್ಫು ಸುತ್ತಿಕೊಂಡ ನಾನು.

"ಕ್ರೂ, ಐ ಆಮ್ ವೆರಿ ಸಾರಿ" ಅಂತ ಶುರು ಮಾಡಿದೆ.

"ಕೂತ್ಕೊಳ್ಳಿ" ಅಂದರು. ಸೌಂಡ್ ಪೂರ್ತಿ ಆಫ್ ಮಾಡಿ ವಿಡಿಯೊ ಹಾಕಿದರು. ಗಂಡ ಬೆಳ್ಳುಳ್ಳಿ ಬಿಟ್ಟು ಪಕ್ಕಕ್ಕೆ ಬಂದು ಕೂತರು. ದನಿಯಿಲ್ಲದ ನಾನು ಹುಬ್ಬು ಕುಣಿಸುತ್ತಿದ್ದೆ. ಅಷ್ಟು ಅಸಹ್ಯವಾದ ದೃಶ್ಯವನ್ನು ನಾನು ನೋಡಿಲ್ಲ. ವಿಡಿಯೊ ಮುಗಿದ ಮೇಲೆ ಆ ಮನುಷ್ಯ ಆರು ತಿಂಗಳಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ ಮಾತಾಡಿದರು. ದನಿ ವಿಪರೀತ ಜೋರು.

"ನಂಬರ್ ತ್ರೀ ರಾಂಗ್!"

ನನಗೆ ಅರ್ಥವಾಗಲಿಲ್ಲ. ಕ್ರೂ ಹೇಳಿದರು. "ಮೂರನೇ ಮೈ ತಪ್ಪು ಅಂತಿದಾರೆ. ಅದು ಬೀಳಬೇಕಿತ್ತು, ನೀವು ಎತ್ತಿದೀರಿ. ಉಳಿದ ನಾಲ್ಕೂ ಸರಿಯಾಗಿ ಕಾಣಿಸ್ತಂತೆ."

"ಕಾಣಿಸ್ತಾ?"

"ಅವರಿಗೆ ಕಿವಿ ಕೇಳಲ್ಲ, ಮಿಸ್ಟರ್ ಇಂಜಿನಿಯರ್. ರಿವೆಟ್ ಹೊಡೆದು ಹೊಡೆದು ಹೋಯ್ತು. ನಿಮಗೆ ಗೊತ್ತಿತ್ತಲ್ಲ?"

ಗೊತ್ತಿರಲಿಲ್ಲ. ಎಲ್ಲೋ ಬೆಟ್ಟದ ಮೇಲಿನ ಟವರಿನ ಸಿಗ್ನಲ್ ಎಷ್ಟು ಕುಗ್ಗಿದೆ ಅಂತ ಆಫೀಸಿನಲ್ಲಿ ಕೂತು ಹೇಳಬಲ್ಲ ನನಗೆ, ಮೇಜಿನ ಆ ತುದಿಯ ಮನುಷ್ಯನಿಗೆ ಕಿವಿ ಕೇಳುವುದಿಲ್ಲ ಅನ್ನುವುದು ಆರು ತಿಂಗಳು ಹೊಳೆದಿರಲಿಲ್ಲ. ಅನುಮಾನದ ಗಂಡ ಅಂದುಕೊಂಡಿದ್ದೆ.

ಅವತ್ತು ಕ್ರೂ ನಿಜವಾದ ಕಾರಣ ಹೇಳಿದರು. ಕಿವಿಯಂತ್ರ ಹಾಕಿದರೆ ಅವರಿಗೆ ತಲೆನೋವು, ಎಲ್ಲ ಶಬ್ದವೂ ತಗಡಿನ ಹಾಗೆ ಕೇಳುತ್ತದಂತೆ. ತುಟಿ ನೋಡಿ ಅಕ್ಷರ ತಿಳಿದುಕೊಳ್ಳಬಹುದು. ಆದರೆ ಥಾಯ್‌ನಲ್ಲಿ ಅಕ್ಷರ ತಿಳಿದರೆ ಅರ್ಧ ಮಾತ್ರ ತಿಳಿದ ಹಾಗೆ. ಉಳಿದರ್ಧ ಸ್ವರ. ಎಲ್ಲ ಥಾಯ್ ಜನರ ಮುಖದಲ್ಲೂ ಸ್ವರದ ಜೊತೆ ಏನೋ ಒಂದಿಷ್ಟು ಅಲುಗುತ್ತೆ, ಯಾರೂ ಗಮನಿಸಲ್ಲ ಅಷ್ಟೇ. "ಅವರ ಕಿವಿ ಮಂದವಾಗುತ್ತ ಹೋದ ಹಾಗೆ ನಾನು ಅದನ್ನೇ ದೊಡ್ಡದು ಮಾಡುತ್ತ ಹೋದೆ, ಈಗ ಬಿಡಲು ಬರುವುದಿಲ್ಲ" ಅಂದರು.

ನನ್ನೊಳಗಿನ ಇಂಜಿನಿಯರಿಗೆ ಅಂಥ ಹೊತ್ತಿನಲ್ಲೂ ಸುಮ್ಮನಿರಲಾಗಲಿಲ್ಲ. "ಬರೀ ಮುಖ ನೋಡಿ ಎಲ್ಲಾ ಸ್ವರ ಗೊತ್ತಾಗತ್ತಾ?"

"ಎಲ್ಲಿ ಗೊತ್ತಾಗತ್ತೆ! ಮದುವೆಯಾಗಿ ನಲವತ್ತು ವರ್ಷ ಆಯ್ತಲ್ಲ, ನಾನು ಏನು ಹೇಳ್ತೀನಿ ಅಂತ ಅವರಿಗೆ ಮೊದಲೇ ಗೊತ್ತು. ಇವತ್ತು ಯಾವ ಜಗಳ ಅನ್ನೋದಷ್ಟೇ ಮುಖ ನೋಡಿ ತಿಳ್ಕೋತಾರೆ." ಆಮೇಲೆ ಟ್ಯಾಬ್ಲೆಟ್ ಮುಚ್ಚಿ, "ಆರು ತಿಂಗಳಲ್ಲಿ ನೀವು ಥಾಯ್ ಮಾತಾಡಿದ್ದು ಇದೇ ಮೊದಲು. ಗೇಲಿ ಮಾಡೋಕೆ ಹೋಗಿ ಕಲಿತುಬಿಟ್ರಿ" ಅಂದರು. ಕೋಪ ಇತ್ತು. ಬಚ್ಚಿಡಲಿಲ್ಲ. ಅವತ್ತು ಸೀಬೆಹಣ್ಣು ಕೊಡಲಿಲ್ಲ.

ಜುಲೈನಲ್ಲಿ ಮದುವೆ ಆಯಿತು. ಬೀಗರ ಮುಂದೆ ನಾನು ನಾಲ್ಕು ವಾಕ್ಯ ಮಾತಾಡಿದೆ, ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಕಲಿಯಬೇಕಾದ್ದು ಮುಗಿದಿತ್ತು. ಆದರೂ ಶನಿವಾರ ಹೋಗುವುದು ಬಿಡಲಿಲ್ಲ. "ಎರಡನೇ ಸಂಸಾರ" ಅಂತ ಹೆಂಡತಿ ಕಾಲೆಳೆಯುತ್ತಿದ್ದಳು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಕ್ರೂ ಎದ್ದು ನೋಡಿಕೊಂಡರೆ ಮುಖದ ಎಡ ಅರ್ಧ ಜೋತುಬಿದ್ದಿತ್ತು. ಲಕ್ವ ಅಂತ ಹೆದರಿ ಆಸ್ಪತ್ರೆಗೆ ಹೋದರು. ಅಲ್ಲ, ಮುಖದ ನರ ಊದಿಕೊಂಡಿದೆ, ಕೆಲವು ತಿಂಗಳಲ್ಲಿ ಸರಿಹೋಗುತ್ತೆ ಅಂದರಂತೆ ಡಾಕ್ಟರು. ಹೆಂಡತಿ ಕೊಟ್ಟ ತಿಳಿಸಾರಿನ ಡಬ್ಬಿ ಹಿಡಿದುಕೊಂಡು ನಾನು ಹೋದೆ. ಅವರು ಮುಖದ ಅರ್ಧಕ್ಕೆ ಶಾಲು ಎಳೆದುಕೊಂಡು ಕೂತಿದ್ದರು. ಟಿವಿಯಲ್ಲಿ ನ್ಯೂಸ್ ಓಡುತ್ತಿತ್ತು.

"ನೋಡಿ ಇದನ್ನ" ಅಂದರು, ತೊದಲುತ್ತ. "ನಾನು ಅನ್ನ ಕೇಳಿದೆ. ಅವರು ನ್ಯೂಸ್ ಹಾಕಿದಾರೆ."

'ಖಾವ್' ಅಂತ ಬೀಳಿಸಿ ಹೇಳಿದರೆ ಅನ್ನ, ತಗ್ಗಿಸಿ ಹೇಳಿದರೆ ಸುದ್ದಿ. ಹುಬ್ಬು ಏಳದೆ ಅನ್ನ ಸುದ್ದಿಯಾಗಿತ್ತು. ಹೇಳಿ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು. ಗಂಡ ಆ ನಗುವನ್ನು ನೋಡಿ ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ನೀರು ಬೀಳುವ ಸದ್ದು ಕೇಳಿಸಿತು, ಬಹಳ ಹೊತ್ತು.

ನಾನು ನನಗೆ ಗೊತ್ತಿದ್ದ ಉಪಕಾರ ಮಾಡಿದೆ. ಮಾತನ್ನು ಅಕ್ಷರ ಮಾಡಿ ತೋರಿಸುವ ಆಪ್ ಒಂದನ್ನು ಫೋನಿಗೆ ಹಾಕಿಕೊಟ್ಟೆ. ಅವರ ತೊದಲಿಗೆ ಅದು ಏನೇನೋ ಬರೆಯಿತು. ಕಾಗದದ ಮೇಲೆ ಬರೆದು ತೋರಿಸಬಹುದಲ್ಲ ಅಂದೆ. "ಸಾಮಾನಿನ ಪಟ್ಟಿ ಬರೀಬಹುದು. ಬರೆದು ಜಗಳ ಆಡೋಕೆ ಆಗತ್ತಾ?" ಅಂದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಗಂಡನನ್ನು ಕರೆದು ಎದುರಿಗೆ ಕೂರಿಸಿ, ನನಗೆ ಮೆಲ್ಲಗೆ ಒಂದು ಥಾಯ್ ವಾಕ್ಯ ಹೇಳಿಕೊಟ್ಟರು.

"ನೀವು ಹೇಳಿ. ಸ್ಟೇಜಿನ ಮೇಲೆ ಹೇಳಿದ ಹಾಗೆ ಹೇಳಿ."

ಹೇಳಿದೆ. ಹುಬ್ಬು ಎತ್ತಿ, ಗದ್ದ ತಗ್ಗಿಸಿ, ಪೂರ್ತಿ ಕ್ರೂ ಆಗಿ. ಗಂಡ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೇಜು ಗುದ್ದಿ ನನಗೆ ಬೈಯಲು ಶುರು ಮಾಡಿದರು. ನಾನು ಗಾಬರಿಯಿಂದ ಕ್ರೂ ಕಡೆ ತಿರುಗಿದರೆ ಅವರ ಒಂದು ಕಣ್ಣಿನಲ್ಲಿ ಖುಷಿ ಕುಣಿಯುತ್ತಿತ್ತು. ನಾನು ಹೇಳಿದ್ದು, "ನೀವು ಮಾಡೋ ಸಾರಿಗೆ ಯಾವತ್ತೂ ಉಪ್ಪು ಜಾಸ್ತಿ" ಅಂತ. ಅವರು ಬೈಯುತ್ತಿದ್ದದ್ದು ಹೆಂಡತಿಗೆ, ನನ್ನ ಮುಖದ ಮೂಲಕ.

ಆ ಚಳಿಗಾಲವೆಲ್ಲ ಶನಿವಾರದ ಜೊತೆಗೆ ಬುಧವಾರವೂ ಆಫೀಸು ಮುಗಿಸಿ ಹೋದೆ. ನನಗೆ ಬರುತ್ತಿದ್ದದ್ದು ಇನ್ನೂರೋ ಮುನ್ನೂರೋ ಪದ. ಅರ್ಧಕ್ಕರ್ಧ ಅರ್ಥ ಗೊತ್ತಿಲ್ಲದೆ ಹೇಳುತ್ತಿದ್ದೆ. ಔಷಧಿಯ ಮಾತು, ಕರೆಂಟ್ ಬಿಲ್ಲಿನ ಮಾತು, ಯಾರೋ ಅತ್ತಿಗೆಯ ಮೇಲಿನ ಹಳೆಯ ಸಿಟ್ಟು. ತಪ್ಪು ಮಾಡಿ ಒಂದು ಸಲ ಅತ್ತಿಗೆಯನ್ನು ಕುದುರೆ ಮಾಡಿದೆ. ಅದನ್ನು ಅವರಿಬ್ಬರೂ ತಿದ್ದಲಿಲ್ಲ, ಹಾಗೇ ಇಟ್ಟುಕೊಂಡರು.

ಒಂದು ಬುಧವಾರ ಕ್ರೂ ಬಹಳ ಸಣ್ಣ ದನಿಯಲ್ಲಿ ಮೂರು ಪದ ಹೇಳಿಕೊಟ್ಟರು. "ಮೈ ತೊಂಗ್ ಕ್ಲುವಾ." ಎರಡು ಬೀಳುತ್ತವೆ, ಒಂದು ಸಪಾಟು. ನಾನು ಅವರ ಗಂಡನ ಮುಂದೆ ತಲೆ ಎರಡು ಸಲ ಬಗ್ಗಿಸಿ, ಆಮೇಲೆ ಮುಖ ನಿಶ್ಚಲ ಮಾಡಿ ಹೇಳಿದೆ. ಈ ಸಲ ಅವರು ಬೈಯಲಿಲ್ಲ. ಬೆಳ್ಳುಳ್ಳಿಯ ತಟ್ಟೆಯನ್ನು ಆ ಕಡೆ ಈ ಕಡೆ ಸರಿಸಿದರು. ಹೊರಡುವಾಗ ಅದರ ಅರ್ಥ ಏನು ಅಂತ ಕ್ರೂ ಅವರನ್ನು ಕೇಳಿದೆ.

"ಹೆದರಬೇಡ ಅಂತ" ಅಂದರು.

ಕಾರಿನಲ್ಲಿ ಕೂತು ಹತ್ತು ನಿಮಿಷ ನಾನು ಸ್ಟಾರ್ಟ್ ಮಾಡಲಿಲ್ಲ. ನನ್ನ ಹೆಂಡತಿಗೆ ಇಪ್ಪತ್ತೆಂಟು ವರ್ಷದಲ್ಲಿ ನಾನು ಒಂದು ಸಲವೂ ಹೇಳದ ಮಾತನ್ನು, ಬೇರೆಯವರ ಭಾಷೆಯಲ್ಲಿ, ಬೇರೆಯವರ ಗಂಡನಿಗೆ ಹೇಳಿ ಬಂದಿದ್ದೆ.

ಮಾರ್ಚಿನ ಹೊತ್ತಿಗೆ ಮುಖ ಮುಕ್ಕಾಲುಪಾಲು ವಾಪಸು ಬಂತು. ಎಡಗಡೆಯ ಹುಬ್ಬು ಮಾತ್ರ ಬಲಗಡೆಯದಕ್ಕಿಂತ ಅರ್ಧ ಕ್ಷಣ ತಡವಾಗಿ ಏಳುತ್ತಿತ್ತು. "ಈಗ ನಂದೂ ಫಾರಿನ್ ಆ್ಯಕ್ಸೆಂಟ್" ಅಂತ ನಗುತ್ತಿದ್ದರು. ಗಂಡ-ಹೆಂಡತಿ ಮತ್ತೆ ನೇರವಾಗಿ ಜಗಳ ಆಡತೊಡಗಿದರು. ನನ್ನ ಕೆಲಸ ಹೋಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಇನ್ನೆರಡು ವರ್ಷ ಹಾಗೇ ಹೋದವು, ಸೀಬೆಹಣ್ಣು ತಿನ್ನುತ್ತ, ಬೈಸಿಕೊಳ್ಳುತ್ತ. ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯ ಅಂದರು.

ಅವರ ಬೌದ್ಧ ದೇವಸ್ಥಾನದಲ್ಲಿ ನಡೆದ ಅಂತ್ಯಕರ್ಮಕ್ಕೆಲ್ಲ ಹೋಗಿದ್ದೆ. ಅಲ್ಲಿ ಜನ ಬಹಳ, ಅವರ ಗಂಡನ ಹತ್ತಿರ ಹೋಗಲಾಗಲಿಲ್ಲ. ಅದಾದ ಮೇಲಿನ ಶನಿವಾರ ಹತ್ತು ಗಂಟೆಗೆ ಮನೆಗೆ ಹೋದೆ. ಅವರೇ ಬಾಗಿಲು ತೆಗೆದರು. ಷರಟಿನ ಕೊನೆಯ ಗುಂಡಿ ಹಾಕಿರಲಿಲ್ಲ. ಇಂಥ ಹೊತ್ತಿನಲ್ಲಿ ಹೇಳುವ ಮಾತು 'ಸೀಯ ಜೈ'. ಮನಸ್ಸು ಮುರಿದಿದೆ ಅಂತ ಅರ್ಥ. ಮೊದಲನೆಯದು ಏರುತ್ತೆ, ಎರಡನೆಯದು ಸಪಾಟು. ಹೊಸ್ತಿಲಲ್ಲೇ ನಿಂತು, ಗದ್ದ ತಗ್ಗಿಸಿ ಎತ್ತಿ, ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಅಗೇನ್" ಅಂದರು.

ತಪ್ಪಾಗಿರಬೇಕು ಅನ್ನಿಸಿತು. ಇನ್ನೂ ಎಚ್ಚರದಿಂದ, ನಿಧಾನವಾಗಿ ಹೇಳಿದೆ.

"ಅಗೇನ್."

ಮೂರನೆಯ ಸಲ ಹೇಳಿ, "ರಾಂಗಾ?" ಅಂತ ಕೈಯಾಡಿಸಿ ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

"ನೋ ರಾಂಗ್" ಅಂದರು, ಅದೇ ಜೋರು ದನಿಯಲ್ಲಿ. "ಸೇಮ್ ಲೈಕ್ ಹರ್. ಅಗೇನ್."

ನಾನು ಒಳಗೆ ಹೋಗಿ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ಅವರು ಎದುರಿಗೆ ಕೂತರು. ಮತ್ತೆ ಹೇಳಿದೆ.